ಮೆತ್ತಿನ ಮೇಲಿನ ವೈಫೈ: ಮಲೆನಾಡಿನ ಒಂದು ಮನೆಯ ಪ್ರಕರಣ

ಇದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಅಡಿಕೆ ತೋಟದ ಮನೆ. ಊರಿನ ಹೆಸರು, ಮನೆಯವರ ಹೆಸರು ಬರೆದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾವು ಮಾಡಿದ ಕೆಲಸ ಮತ್ತು ಮಾಡಿದ ತಪ್ಪು ಇದ್ದ ಹಾಗೇ ಇವೆ. ಹಳೇ ಮನೆಯಲ್ಲಿ ಕೂತು ಕಂಪನಿ ಕೆಲಸ ಮಾಡುವವರು ಈಗ ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಅವರಲ್ಲಿ ಹಲವರು ಇದೇ ದಾರಿಯಲ್ಲಿ ಇದೇ ರೀತಿ ದುಡ್ಡು ಕಳೆಯುವುದನ್ನು ನೋಡಿದ್ದೇನೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮನೆ ಮತ್ತು ಮನೆಯವರು

ಮನೆಗೆ ಎಂಬತ್ತು ವರ್ಷ ದಾಟಿದೆ. ಗೋಡೆಗಳು ಚಿರೆಕಲ್ಲಿನವು, ಒಂದೂವರೆ ಅಡಿ ದಪ್ಪ. ಮೇಲೆ ಮಂಗಳೂರು ಹಂಚಿನ ಮಾಡು. ಮುಂದೆ ಜಗಲಿ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಮೇಲೆ ಮೆತ್ತು, ಅಂದರೆ ಮಾಳಿಗೆ. ಅಂಗಳ ದಾಟಿದರೆ ಕೊಟ್ಟಿಗೆ.

ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಗ, ಸೊಸೆ ಇಬ್ಬರೂ ಬೆಂಗಳೂರಿನ ಬೇರೆ ಬೇರೆ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವರು ಇಲ್ಲೇ ಉಳಿದರು. ಮರುವರ್ಷ ಊರಿಗೆ ಫೈಬರ್, ಅಂದರೆ ಗಾಜಿನ ಎಳೆಯ ಇಂಟರ್ನೆಟ್ ಲೈನ್, ಬಂತು. ಇಂಟರ್ನೆಟ್ ಕಂಪನಿಯವರು ಜಗಲಿಯ ಮೂಲೆಯಲ್ಲಿ ಒಂದು ಬಿಳಿ ಡಬ್ಬಿ ಇಟ್ಟು ಹೋದರು. ಅದರ ಸರಿಯಾದ ಹೆಸರು ಒಎನ್‌ಟಿ. ಮನೆಯಲ್ಲಿ ಎಲ್ಲರೂ ಮೋಡೆಮ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವೈಫೈ ಕೂಡ ಅದರೊಳಗೇ ಇದೆ.

ಜಗಲಿಯಲ್ಲಿ ಕೂತು ಕೆಲಸ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಬಂದವರು ಕವಳ (ಎಲೆ ಅಡಿಕೆ) ಹಾಕಿ ಮಾತಾಡುವ ಜಾಗ ಅದು. ಇಡೀ ದಿನ ಜನ ಇರುತ್ತಾರೆ. ಹಾಗಾಗಿ ಮಗ, ಸೊಸೆ ಇಬ್ಬರ ಮೇಜೂ ಮೆತ್ತಿನ ಮೇಲೆ. ಮೋಡೆಮ್‌ಗೂ ಆ ಮೇಜುಗಳಿಗೂ ನಡುವೆ ಎರಡು ಚಿರೆಕಲ್ಲಿನ ಗೋಡೆ, ಒಂದು ಮರದ ನೆಲ.

ತೊಂದರೆ

ಹಗಲು ಹೇಗೋ ನಡೆಯುತ್ತಿತ್ತು. ಸಂಜೆ ಆರೂವರೆಗೆ ಸೊಸೆಗೆ ಅಮೆರಿಕದವರ ಜೊತೆ ಮೀಟಿಂಗ್. ಆಗ ಮಾತು ಕತ್ತರಿಸುತ್ತಿತ್ತು, ಮುಖ ನಿಂತುಬಿಡುತ್ತಿತ್ತು. ವಾರದಲ್ಲಿ ಎರಡು ಮೂರು ಸಲ ಸಂಪರ್ಕ ಪೂರ್ತಿ ಹೋಗಿ ಮೂರು ನಿಮಿಷ ಬಿಟ್ಟು ಬರುತ್ತಿತ್ತು. 2023ರ ಜನವರಿಯಲ್ಲಿ ಅವಳ ಮ್ಯಾನೇಜರ್ ಬೆಂಗಳೂರಿಗೆ ವಾಪಸ್ ಬರಬೇಕು ಎಂದು ಬರೆದರು. ವೈಫೈ ಸರಿಯಾಗದಿದ್ದರೆ ಮನೆಯೇ ಎರಡಾಗುವ ಹಂತ ಅದು. ಅತ್ತೆಗೆ ಮಂಡಿ ನೋವು, ಮೊಮ್ಮಗು ಊರಿನ ಶಾಲೆಗೆ ಹೋಗುತ್ತಿತ್ತು.

ನನ್ನನ್ನು ಕರೆಯುವ ಮೊದಲು ಅವರು ನಾಲ್ಕು ಪ್ರಯತ್ನ ಮಾಡಿದ್ದರು.

ಮೊದಲು ಇಂಟರ್ನೆಟ್ ವೇಗದ ಪ್ಲಾನ್ ಬದಲಿಸಿದರು, 40 ಎಂಬಿಪಿಎಸ್‌ನಿಂದ 100ಕ್ಕೆ. ಏನೂ ವ್ಯತ್ಯಾಸ ಆಗಲಿಲ್ಲ. ಒಂದು ವಿಡಿಯೋ ಕಾಲ್‌ಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ಇಬ್ಬರು ಒಟ್ಟಿಗೆ ಮಾತಾಡಿದರೂ 40ರಲ್ಲಿ ಬೇಕಾದಷ್ಟು ಉಳಿಯುತ್ತಿತ್ತು.

ಆಮೇಲೆ ನಾಲ್ಕು ಆಂಟೆನಾದ ರೂಟರ್ ತಂದರು. ಡಬ್ಬದ ಮೇಲೆ 1200 ಎಂಬಿಪಿಎಸ್ ಎಂದು ಬರೆದಿತ್ತು. ಆ 1200 ಎನ್ನುವುದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎರಡನ್ನೂ ಕೂಡಿಸಿ ದುಂಡಗೆ ಮಾಡಿದ ಲೆಕ್ಕ. 2.4 ಮತ್ತು 5 ಎಂದರೆ ವೈಫೈ ಬಳಸುವ ಎರಡು ರೇಡಿಯೋ ಪಟ್ಟಿಗಳು. ಯಾವ ಫೋನಿಗೂ ಅಷ್ಟು ಸಿಗುವುದಿಲ್ಲ. ಅದರ ಹಿಂದಿನ ಕೇಬಲ್ ಪೋರ್ಟ್‌ಗಳೇ 100 ಎಂಬಿಪಿಎಸ್‌ನವು. ಆ ರೂಟರನ್ನು ಮೋಡೆಮ್ ಪಕ್ಕದಲ್ಲೇ ಇಟ್ಟರು. ಮೆತ್ತಿನ ಮೇಲೆ ಫೋನಿನಲ್ಲಿ ಒಂದು ಕಡ್ಡಿ ಜಾಸ್ತಿ ಕಂಡಿತು, ಮಾತು ಮಾತ್ರ ಹಾಗೇ ಕತ್ತರಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾತ್ರೆಯಲ್ಲಿ ಮೈಕಿನವನ ಮಾತು ಗದ್ದೆಯ ಆಚೆ ನಿಂತವನಿಗೂ ಕೇಳುತ್ತದೆ. ಆದರೆ ಅಲ್ಲಿಂದ ಅವನು ಕೂಗಿದ್ದು ಮೈಕಿನವನಿಗೆ ಕೇಳುವುದಿಲ್ಲ, ಅಲ್ವಾ? ಫೋನಿನ ಕಡ್ಡಿಗಳು ತೋರಿಸುವುದು ರೂಟರಿನ ಮಾತು ಫೋನಿಗೆ ಎಷ್ಟು ಕೇಳುತ್ತಿದೆ ಎನ್ನುವುದನ್ನು ಮಾತ್ರ. ಫೋನಿನ ಉತ್ತರ ರೂಟರಿಗೆ ತಲುಪುತ್ತಿದೆಯೋ ಇಲ್ಲವೋ ಕಡ್ಡಿಗೆ ಗೊತ್ತಿಲ್ಲ. ಫೋನಿನ ಪ್ರಸಾರ ಶಕ್ತಿ ಕಡಿಮೆ. ಮೀಟಿಂಗ್ ಎಂದರೆ ಎರಡೂ ಕಡೆಯ ಮಾತು.

ಮೂರನೆಯದಾಗಿ ರಿಪೀಟರ್ ತಂದು ನಡುಮನೆಯ ಪ್ಲಗ್ಗಿಗೆ ಹಾಕಿದರು. ಕಡ್ಡಿ ಪೂರ್ತಿ ಬಂತು, ಮೀಟಿಂಗ್ ಇನ್ನೂ ಹದಗೆಟ್ಟಿತು. ಅದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವ ಅಗ್ಗದ ರಿಪೀಟರ್. ಕೇಳಿದ್ದನ್ನು ಅದೇ ತರಂಗದಲ್ಲಿ, ಅಂದರೆ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು. ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ ಹೋಗುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ, ತಡವೂ ಆಗುತ್ತದೆ.

ನಾಲ್ಕನೆಯದು ಚಾನೆಲ್ ಬದಲಾವಣೆ. ಮಗ ಒಂದು ಭಾನುವಾರ ಪೂರ್ತಿ 1, 6, 11 ಎಂದು ಬದಲಿಸಿ ನೋಡಿದ್ದ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ನಾನು ಮೊದಲು ಮಾಡುವ ಕೆಲಸವೂ ಅದೇ. ಅಲ್ಲಿ ಒಂದೇ ಕೋಣೆಗೆ ಇಪ್ಪತ್ತು ಮನೆಯ ವೈಫೈ ಬಂದು ಬೀಳುತ್ತದೆ. ಈ ಮನೆಗೆ ಅತಿ ಹತ್ತಿರದ ನೆರೆಮನೆ ಎರಡು ಫರ್ಲಾಂಗ್ ದೂರ, ನಡುವೆ ತೋಟ. ಇಲ್ಲಿ ಗದ್ದಲವೇ ಇಲ್ಲದ ಮೇಲೆ ಚಾನೆಲ್ ಬದಲಿಸಿ ಆಗುವುದೇನೂ ಇಲ್ಲ.

ಇಷ್ಟರಲ್ಲಿ ಏಳು ಸಾವಿರದ ಹತ್ತಿರ ಖರ್ಚಾಗಿತ್ತು. ಹದಿನಾಲ್ಕು ಸಾವಿರದ ಮೆಶ್ ಸೆಟ್, ಅಂದರೆ ಒಂದಕ್ಕೊಂದು ಸೇರಿ ಇಡೀ ಮನೆಗೆ ವೈಫೈ ಹಂಚುವ ಡಬ್ಬಿಗಳನ್ನು, ತರಿಸಬೇಕು ಎಂದು ಮಗ ಕಾರ್ಟಿಗೆ ಹಾಕಿ ಇಟ್ಟಿದ್ದ. ಆಗ ನನಗೆ ಫೋನ್ ಮಾಡಿದ. ಆರ್ಡರ್ ಮಾಡಬೇಡ, ಶನಿವಾರ ಬರುತ್ತೇನೆ ಎಂದೆ.

ಅಳೆದು ನೋಡಿದ್ದು

ಹೋದ ಮೇಲೆ ಯಾವ ಡಬ್ಬಿಯ ಸೆಟ್ಟಿಂಗನ್ನೂ ಮುಟ್ಟಲಿಲ್ಲ. ಮೊದಲು ರಿಪೀಟರ್ ಮತ್ತು ಹೊಸ ರೂಟರ್ ಎರಡನ್ನೂ ಆಫ್ ಮಾಡಿಸಿ, ಬರೀ ಮೋಡೆಮ್ ಉಳಿಸಿಕೊಂಡೆ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆ ಸುತ್ತಿದೆ.

ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಜಗಲಿಯಲ್ಲಿ ಮೈನಸ್ 42 ಡಿಬಿಎಂ. ನಡುಮನೆಯಲ್ಲಿ ಮೈನಸ್ 61. ಮೆತ್ತಿನ ಮೇಲಿನ ಮೇಜಿನ ಹತ್ತಿರ ಮೈನಸ್ 79. ಇದು 2.4ರ ಲೆಕ್ಕ. 5 ಗಿಗಾಹರ್ಟ್ಸ್ ಮೆತ್ತಿನಲ್ಲಿ ಕಾಣಿಸಲೇ ಇಲ್ಲ. ಈ ಅಂಕಿ ಸೊನ್ನೆಯಿಂದ ಇನ್ನೂ ಹತ್ತು ಕೆಳಗೆ ಹೋದರೆ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಇಳಿಯಿತು ಎಂದರ್ಥ. ಮೀಟಿಂಗ್ ಸಲೀಸಾಗಿ ನಡೆಯಬೇಕಾದರೆ ಮೈನಸ್ 67 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಎರಡು ಗೋಡೆ ಸೇರಿ ಸಿಗ್ನಲ್ಲನ್ನು ತಿಂದುಹಾಕಿದ್ದವು.

ಇಷ್ಟಕ್ಕೇ ಕಾರಣ ಸಿಕ್ಕಿತು ಎಂದು ನಾನು ಎದ್ದುಬಿಡಬಹುದಿತ್ತು. ಆದರೆ ಸೊಸೆ ಹೇಳಿದ ಒಂದು ಮಾತು ಕೂಡಿಬರಲಿಲ್ಲ. "ಅಣ್ಣ, ಹಗಲು ಇಷ್ಟು ಹಾಳಾಗಿರಲ್ಲ. ಸಂಜೆ ಮಾತ್ರ ಪೂರ್ತಿ ಹೋಗತ್ತೆ" ಎಂದಿದ್ದಳು. ಗೋಡೆ ಹಗಲಿಗೂ ಸಂಜೆಗೂ ಒಂದೇ ದಪ್ಪ ಅಲ್ವಾ? ಸಂಜೆವರೆಗೆ ಉಳಿದೆ.

ಜಗಲಿಯಲ್ಲಿ ನನ್ನ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಮೋಡೆಮ್‌ಗೆ ಜೋಡಿಸಿದೆ. ಸೊಸೆಯ ಲ್ಯಾಪ್‌ಟಾಪ್ ಮೆತ್ತಿನಲ್ಲಿ ವೈಫೈ ಮೇಲೆ. ಎರಡರಲ್ಲೂ ಎರಡೆರಡು ಪಿಂಗ್ ಕಿಟಕಿ ತೆರೆದೆ. ಪಿಂಗ್ ಅಂದರೆ ಇನ್ನೊಂದು ಯಂತ್ರಕ್ಕೆ ಸಣ್ಣ ಕರೆ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡುವುದು. ಒಂದು ಮೋಡೆಮ್‌ಗೆ, ಅದರ ವಿಳಾಸ 192.168.1.1. ಇನ್ನೊಂದು ಹೊರಗೆ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ವಿಳಾಸ 8.8.8.8ಗೆ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು, ಒಂದು ರೂಪಾಯಿ ಖರ್ಚಿಲ್ಲ. ಮೋಡೆಮ್‌ನಿಂದ ಉತ್ತರ ಸರಿಯಾಗಿ ಬಂದು ಹೊರಗಿನದು ಬರದಿದ್ದರೆ ತೊಂದರೆ ಲೈನಿನಲ್ಲಿ. ವೈಫೈ ಮೇಲಿನವರಿಗೆ ಮೋಡೆಮ್‌ನಿಂದಲೇ ಉತ್ತರ ಬರದೆ, ಕೇಬಲ್‌ನವರಿಗೆ ಬಂದರೆ ತೊಂದರೆ ಗಾಳಿಯಲ್ಲಿ.

ಐದು ಗಂಟೆಗೆ ಕೇಬಲ್ ಲ್ಯಾಪ್‌ಟಾಪಿನಲ್ಲಿ ಮೋಡೆಮ್ ಒಂದು ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡುತ್ತಿತ್ತು, ಹೊರಗಿನದು ಇಪ್ಪತ್ತರ ಆಸುಪಾಸು. ಒಂದೂ ತಪ್ಪಿಲ್ಲ. ಮೆತ್ತಿನಲ್ಲಿ ಮೋಡೆಮ್‌ನಿಂದಲೇ ಉತ್ತರ 5ರಿಂದ 400 ಮಿಲಿಸೆಕೆಂಡ್‌ವರೆಗೆ ಕುಣಿಯುತ್ತಿತ್ತು. ನೂರಕ್ಕೆ ಎಂಟು ಕಾಣೆಯಾಗುತ್ತಿದ್ದವು. ಗೋಡೆಯ ಲೆಕ್ಕ ಸರಿಹೋಯಿತು.

ಏಳು ಗಂಟೆ ಹತ್ತು ನಿಮಿಷಕ್ಕೆ ನಾಲ್ಕೂ ಕಿಟಕಿ ಒಟ್ಟಿಗೆ ನಿಂತವು. ಕೇಬಲ್‌ನಲ್ಲಿ ಜೋಡಿಸಿದ ನನ್ನ ಲ್ಯಾಪ್‌ಟಾಪಿಗೂ ಮೋಡೆಮ್ ಉತ್ತರ ಕೊಡಲಿಲ್ಲ. ಮೂರು ನಿಮಿಷ ಬಿಟ್ಟು ಎಲ್ಲ ವಾಪಸ್ ಬಂತು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಲೈನ್ ಹೋಗಿದ್ದರೆ ಮೋಡೆಮ್ ಆದರೂ ಮಾತಾಡಬೇಕಿತ್ತು. ಗೋಡೆಯ ತೊಂದರೆ ಆಗಿದ್ದರೆ ಕೇಬಲ್‌ಗೆ ತಾಗಬಾರದಿತ್ತು. ಉಳಿದದ್ದು ಮೋಡೆಮ್ ಒಂದೇ.

ಮೋಡೆಮ್‌ನ ಸೆಟ್ಟಿಂಗ್ ಪುಟ ತೆರೆದೆ. ಅಲ್ಲಿ ಅಪ್‌ಟೈಮ್ ಎಂಬ ಒಂದು ಸಾಲು ಇರುತ್ತದೆ. ಡಬ್ಬಿ ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಎಂದು ಅದು ಹೇಳುತ್ತದೆ. ನಾಲ್ಕು ನಿಮಿಷ ಎಂದಿತ್ತು. ಯಾರೂ ಸ್ವಿಚ್ ಮುಟ್ಟಿರಲಿಲ್ಲ. ಮೋಡೆಮ್ ತಾನಾಗಿ ಆರಿ ಹೊತ್ತಿಕೊಂಡಿತ್ತು.

"ಮನೇಲಿ ಇನ್ವರ್ಟರ್ ಇದೆ, ತಮ್ಮಾ. ಮೋಡೆಮ್ ಅದರ ಲೈನಿನಲ್ಲೇ ಇದೆ" ಎಂದರು ಯಜಮಾನರು. ಅದು ಸರಿ. ಮಲ್ಟಿಮೀಟರ್ ಹಿಡಿದು ನೋಡಿದೆ. ಬೇಸಿಗೆ ಶುರುವಾಗಿತ್ತು. ಸಂಜೆ ತೋಟದ ಪಂಪ್‌ಸೆಟ್‌ಗಳು ಚಾಲೂ ಆಗುತ್ತಿದ್ದಂತೆ ಊರಿಗೆಲ್ಲ ವೋಲ್ಟೇಜ್ ಇಳಿಯುತ್ತಿತ್ತು. 230 ಇರಬೇಕಾದಲ್ಲಿ 120 ಚಿಲ್ಲರೆ. ಒಂದೊಂದು ಪಂಪ್ ಶುರುವಾದಾಗ ನೂರರ ಕೆಳಗೆ. ಅವರ ಇನ್ವರ್ಟರ್ ಸಾದಾ ಮೋಡ್‌ನಲ್ಲಿತ್ತು. ವೋಲ್ಟೇಜ್ ನೂರರ ಹತ್ತಿರ ಬರುವವರೆಗೂ ಅದು ಲೈನ್ ಕರೆಂಟನ್ನೇ ಕೊಟ್ಟು, ಆಮೇಲೆ ಬ್ಯಾಟರಿಗೆ ಬದಲಾಗುತ್ತಿತ್ತು. ಬದಲಾಗುವ ಆ ಕ್ಷಣದಲ್ಲಿ ಬಲ್ಬ್ ಒಮ್ಮೆ ಮಿಟುಕುತ್ತದೆ, ಅಷ್ಟೆ.

ಹಗಲಲ್ಲಿ ಕರೆಂಟ್ ಹೋದಾಗಲೂ ಬಲ್ಬ್ ಹಾಗೇ ಮಿಟುಕುತ್ತಿತ್ತು, ಮೋಡೆಮ್ ಮಾತ್ರ ಆರುತ್ತಿರಲಿಲ್ಲ. ಹಾಗಾದರೆ ಸಂಜೆ ಯಾಕೆ? ಅಡಾಪ್ಟರಿನೊಳಗೆ ಒಂದು ಕೆಪಾಸಿಟರ್ ಇರುತ್ತದೆ. ಕರೆಂಟ್ ಒಂದು ಕ್ಷಣ ತಪ್ಪಿದರೆ ಅದರಲ್ಲಿ ಕೂಡಿಟ್ಟದ್ದು ಖರ್ಚಾಗುತ್ತದೆ. ವೋಲ್ಟೇಜ್ ಅರ್ಧವಾದರೆ ಅದರಲ್ಲಿ ಉಳಿಯುವ ಶಕ್ತಿ ಅರ್ಧವಲ್ಲ, ಕಾಲು ಭಾಗ. ಹಗಲಲ್ಲಿ ತುಂಬಿದ ಕೊಡ, ಸಂಜೆ ಕಾಲು ಕೊಡ. ಬಲ್ಬ್ ಮಿಟುಕುವಷ್ಟು ಹೊತ್ತಿಗೂ ಅದು ಸಾಲುತ್ತಿರಲಿಲ್ಲ. ಒಮ್ಮೆ ಆರಿದ ಮೋಡೆಮ್ ಎದ್ದು, ಫೈಬರ್ ಆಚೆಯ ಯಂತ್ರದ ಜೊತೆ ಗುರುತು ಹೇಳಿಕೊಂಡು, ಮತ್ತೆ ಸಂಪರ್ಕ ಕೊಡಲು ಮೂರು ನಿಮಿಷ. ಕಣ್ಣು ಮಿಟುಕುವಷ್ಟರ ಕರೆಂಟಿನ ತೊಂದರೆ ಸೊಸೆಗೆ ಮೂರು ನಿಮಿಷದ ಮೀಟಿಂಗ್ ನಷ್ಟ.

ಒಂದೂವರೆ ವರ್ಷ ಆ ಮನೆಯಲ್ಲಿ ಇದಕ್ಕೂ ವೈಫೈ ಹೋಯ್ತು ಎಂದೇ ಹೆಸರು. ಗೋಡೆಗೂ ಅದೇ ಹೆಸರು. ಎರಡು ಬೇರೆ ರೋಗ ಒಂದೇ ಹೆಸರಿನಲ್ಲಿ ಇದ್ದುದರಿಂದ ಯಾವ ಮದ್ದೂ ಹಿಡಿದಿರಲಿಲ್ಲ.

ಕರೆಂಟಿನ ಮದ್ದು

ಮೊದಲು ಖರ್ಚಿಲ್ಲದ ದಾರಿ ನೋಡಿದೆವು. ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದೆವು. ಆ ಮೋಡ್‌ನಲ್ಲಿ ಅದು ಬೇಗ ಬದಲಾಗುತ್ತದೆ. ಆದರೆ 180ರ ಕೆಳಗೆ ಇಳಿದ ಕೂಡಲೇ ಬ್ಯಾಟರಿಗೆ ಹೋಗುತ್ತದೆ. ಅವರ ಮನೆಯಲ್ಲಿ ಇಡೀ ಸಂಜೆ ವೋಲ್ಟೇಜ್ 180ರ ಕೆಳಗೇ. ಎರಡನೇ ದಿನ ರಾತ್ರಿ ಎಂಟೂವರೆಗೆ ಬ್ಯಾಟರಿ ಖಾಲಿಯಾಗಿ ಮನೆಯೇ ಕತ್ತಲಾಯಿತು. ವಾಪಸ್ ಸಾದಾ ಮೋಡ್‌ಗೆ ಹಾಕಿದೆವು.

ಆಮೇಲೆ ರೂಟರಿಗೆಂದೇ ಬರುವ ಸಣ್ಣ 12 ವೋಲ್ಟ್ ಯುಪಿಎಸ್ ತಂದೆವು. ಅದು ಅಡಾಪ್ಟರಿಗೂ ಮೋಡೆಮ್‌ಗೂ ನಡುವೆ ಕೂರುತ್ತದೆ. ಒಳಗೆ ಲಿಥಿಯಂ ಬ್ಯಾಟರಿ. ಬದಲಾಗುವಾಗ ಮೋಡೆಮ್‌ಗೆ ಏನೂ ಗೊತ್ತಾಗುವುದಿಲ್ಲ. ಕೊಳ್ಳುವಾಗ ಎರಡು ವಿಷಯ ನೋಡಿದೆವು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಒಂದೇ ಆಗಿರಬೇಕು. ಆಂಪಿಯರ್ ಯುಪಿಎಸ್‌ನದು ಸಮ ಅಥವಾ ಜಾಸ್ತಿ ಇರಬೇಕು. ಇವರದು 12 ವೋಲ್ಟ್, 1 ಆಂಪಿಯರ್. 9 ವೋಲ್ಟ್ ಬೇಡುವ ಡಬ್ಬಿಗಳೂ ಇವೆ, ಅದಕ್ಕೆ 12 ಕೊಟ್ಟರೆ ಸುಟ್ಟೇಹೋಗಬಹುದು.

ಒಂದು ವಾರ ಬಿಟ್ಟು ಸೊಸೆ ಅಪ್‌ಟೈಮ್ ಪುಟದ ಫೋಟೋ ಕಳಿಸಿದಳು. ಏಳು ದಿನ, ಎರಡು ಗಂಟೆ.

ಗೋಡೆಯ ಮದ್ದು

ಮೆಶ್ ಬೇಡ ಎಂದದ್ದಕ್ಕೆ ಮಗನಿಗೆ ಬೇಸರವಾಗಿತ್ತು. ಮೆಶ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಎರಡು ಡಬ್ಬಿಗಳು ಒಂದಕ್ಕೊಂದು ಗಾಳಿಯಲ್ಲೇ ಮಾತಾಡಬೇಕಾದರೆ ಆ ಮಾತೂ ಅದೇ ಎರಡು ಗೋಡೆ ದಾಟಬೇಕು. ಅದು ಮುಖ್ಯವಾಗಿ ನಂಬುವುದು 5 ಗಿಗಾಹರ್ಟ್ಸನ್ನು. ಈ ಮನೆಯಲ್ಲಿ ಅದು ಗೋಡೆ ದಾಟುವುದೇ ಇಲ್ಲ. ಕೇಬಲ್ ಎಳೆದು ಮೆಶ್ ಜೋಡಿಸಿದರೆ ಚೆನ್ನಾಗಿ ಓಡುತ್ತದೆ, ನಿಜ. ಆದರೆ ಕೇಬಲ್ ಎಳೆದ ಮೇಲೆ ಹದಿನಾಲ್ಕು ಸಾವಿರದ ಸೆಟ್ ಯಾಕೆ ಬೇಕು?

ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಆಂಟೆನಾದ ರೂಟರನ್ನು ಎತ್ತಿಕೊಂಡೆ. ಪೋರ್ಟ್ 100 ಎಂಬಿಪಿಎಸ್‌ನದು, ಅಳೆದರೆ 94ರ ಹತ್ತಿರ ಸಿಗುತ್ತದೆ. ಅವರ ಪ್ಲಾನ್ 100. ಇದಕ್ಕಿಂತ ದೊಡ್ಡದು ಈಗ ಬೇಡ. ಮುಂದೆ ಹೊಸದು ಕೊಳ್ಳುವುದಾದರೆ ಗಿಗಾಬಿಟ್ ಪೋರ್ಟ್ ಇರಬೇಕು, ಆ್ಯಕ್ಸೆಸ್ ಪಾಯಿಂಟ್ ಮೋಡ್ (ತಾನು ವಿಳಾಸ ಹಂಚದೆ ಬರೀ ವೈಫೈ ಕೊಡುವ ಬಗೆ) ಇರಬೇಕು ಎಂದು ಮಗನಿಗೆ ಬರೆದುಕೊಟ್ಟೆ. ಆಂಟೆನಾ ಎಷ್ಟು ಎನ್ನುವುದನ್ನು ಆ ಪಟ್ಟಿಗೆ ಸೇರಿಸಲಿಲ್ಲ.

ಗೋಡೆ ಕೊರೆಯಲು ಯಜಮಾನರಿಗೆ ಇಷ್ಟವಿರಲಿಲ್ಲ. ನನಗೂ ಇರಲಿಲ್ಲ. ಹಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇದ್ದೇ ಇರುತ್ತದೆ. ಜಗಲಿಯಿಂದ ಅಟ್ಟ ಹತ್ತಿ, ಆ ಸಂದಿನಲ್ಲಿ ತೂರಿ ಮೆತ್ತಿಗೆ ಇಳಿಸಿದೆವು. ಒಟ್ಟು 28 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಅಟ್ಟದಲ್ಲಿ ಇಲಿ ಕಾಟ ಇರುವುದರಿಂದ ಉದ್ದಕ್ಕೂ ಪಿವಿಸಿ ಪೈಪಿನೊಳಗೆ ಹಾಕಿದೆವು. ಶುದ್ಧ ತಾಮ್ರದ್ದೇ ಎಂದು ಕೇಳಿ ತಂದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಗ ಮುರಿಯುತ್ತದೆ.

ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದ್ದು ಮುಖ್ಯ. ಮೊದಲು ಅದೂ ರೂಟರ್ ಆಗಿಯೇ ಓಡುತ್ತಿತ್ತು. ಮನೆಯ ಫೋನು, ಲ್ಯಾಪ್‌ಟಾಪ್‌ಗಳಿಗೆ ಮೋಡೆಮ್ ಒಂದು ಸಾಲಿನ ವಿಳಾಸ ಹಂಚುತ್ತಿತ್ತು, ಇದು ಇನ್ನೊಂದು ಸಾಲಿನದು. ಮೆತ್ತಿನಿಂದ ಜಗಲಿಯ ಪ್ರಿಂಟರ್ ಸಿಗದೆ ಇದ್ದದ್ದು ಅದಕ್ಕೇ. ಈಗ ವಿಳಾಸ ಹಂಚುವ ಯಜಮಾನ ಮೋಡೆಮ್ ಒಂದೇ.

ಎರಡಕ್ಕೂ ಒಂದೇ ವೈಫೈ ಹೆಸರು ಇಟ್ಟೆ. ಅದು ಸರಿಬರಲಿಲ್ಲ. ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಮೆತ್ತು ಹತ್ತಿದರೆ, ಅದು ಜಗಲಿಯ ಬಡ ಸಿಗ್ನಲ್ಲನ್ನೇ ಹಿಡಿದುಕೊಂಡು ಕೂರುತ್ತಿತ್ತು. ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪೇ ಹೊರತು ರೂಟರ್ ಅಲ್ಲ. ಹಾಗಾಗಿ ಮೆತ್ತಿನ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟೆವು. ಆಫೀಸಿನ ಎರಡು ಲ್ಯಾಪ್‌ಟಾಪ್‌ಗಳಿಗೆ ಆ ಹೆಸರು ಮಾತ್ರ ಗೊತ್ತು. ಮೇಜಿನ ಹತ್ತಿರ ಈಗ ಮೈನಸ್ 45. ಪಿಂಗ್ ಎರಡು ಮೂರು ಮಿಲಿಸೆಕೆಂಡ್, ಒಂದೂ ಕಾಣೆಯಾಗುವುದಿಲ್ಲ. ಮಾರ್ಚ್ ಕೊನೆಗೆ ಬೆಂಗಳೂರಿಗೆ ಹೋಗುವ ಮಾತು ನಿಂತಿತು.

ನನ್ನ ತಪ್ಪು

ಏಪ್ರಿಲ್‌ನಲ್ಲಿ ಯಜಮಾನರು ಒಂದು ಆಸೆ ಹೇಳಿದರು. ಗಬ್ಬದ ಹಸು ಇತ್ತು. ರಾತ್ರಿ ಮೂರು ಮೂರು ಸಲ ಎದ್ದು ಕೊಟ್ಟಿಗೆಗೆ ಹೋಗುವುದು ಅವರಿಗೆ ಕಷ್ಟವಾಗುತ್ತಿತ್ತು. ಒಂದು ಕ್ಯಾಮೆರಾ ಹಾಕಿದರೆ ಮಲಗಿದಲ್ಲೇ ನೋಡಬಹುದಲ್ಲ ಎಂದರು. ಕೊಟ್ಟಿಗೆ ನಲವತ್ತು ಮೀಟರ್ ದೂರ. ಉಳಿದ ಕ್ಯಾಟ್ 6 ಕೇಬಲ್ ಇತ್ತು. ನೂರು ಮೀಟರ್‌ವರೆಗೆ ಎಳೆಯಬಹುದು ಎಂಬುದು ಸರಿಯೇ. ಅಂಗಳದ ಮೇಲೆ ತಂತಿ ಕಟ್ಟಿ ಎಳೆದುಕೊಟ್ಟೆ. ಎಳೆಯಬಾರದಿತ್ತು.

ಮೇ ಮೊದಲ ವಾರ ಸಂಜೆ ಗುಡುಗು ಮಳೆ. ಸಿಡಿಲು ಮನೆಗೆ ಬಡಿಯಲಿಲ್ಲ, ಆಚೆಯ ತೆಂಗಿನ ಮರಕ್ಕೆ ಬಡಿಯಿತು. ಅಷ್ಟೇ ಸಾಕಾಯಿತು. ಹೊರಗೆ ಎಳೆದ ಉದ್ದನೆಯ ತಾಮ್ರದ ತಂತಿಯಲ್ಲಿ ಸಿಡಿಲಿನ ಹೊತ್ತಿಗೆ ತಾನಾಗಿ ವೋಲ್ಟೇಜ್ ಹುಟ್ಟುತ್ತದೆ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ ಆದಾಗ ಅಪಾಯ ಇನ್ನೂ ಹೆಚ್ಚು. ಕ್ಯಾಮೆರಾ ಹೋಯಿತು, ಮೋಡೆಮ್ ಹೋಯಿತು. ಹೊಸ ಮೋಡೆಮ್ ಬರಲು ನಾಲ್ಕು ದಿನ. ಆ ನಾಲ್ಕು ದಿನ ಸೊಸೆ 2020ರಲ್ಲಿ ಮಾಡಿದ ಹಾಗೇ ಛತ್ರಿ, ಲ್ಯಾಪ್‌ಟಾಪ್ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ ಮೊಬೈಲ್ ಸಿಗ್ನಲ್‌ನಲ್ಲಿ ಕೆಲಸ ಮಾಡಿದಳು. ಪ್ಲಗ್ ತೆಗೆದಿಟ್ಟಿದ್ದರೂ ಕೇಬಲ್ ಸಿಕ್ಕಿಸಿದ್ದರೆ ಉಪಯೋಗವಿಲ್ಲ ಎಂಬುದು ನನಗೆ ಗೊತ್ತಿದ್ದ ವಿಷಯ. ಗೊತ್ತಿದ್ದೂ ನಲವತ್ತೇ ಮೀಟರ್ ಎಂದು ಹಗುರ ಮಾಡಿಕೊಂಡೆ. ಕ್ಯಾಮೆರಾದ ದುಡ್ಡು ನಾನೇ ಕೊಟ್ಟೆ.

ಈಗ ಕೊಟ್ಟಿಗೆಗೆ ಹೋಗಿರುವುದು ಫೈಬರ್. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿಗೆ ಮಾಮೂಲಿ ಕೇಬಲ್ ಜೋಡಿಸುವ ಡಬ್ಬಿ. ಊರಿನ ಕೇಬಲ್ ಹುಡುಗ ಬಂದು ಫೈಬರ್ ಬೆಸೆದುಕೊಟ್ಟ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಬರುವ ಫೈಬರ್ ಕೇಬಲ್‌ಗೆ ಆಧಾರವಾಗಿ ಒಂದು ಉಕ್ಕಿನ ತಂತಿ ಅಂಟಿಕೊಂಡೇ ಬರುತ್ತದೆ. ಅದನ್ನು ಎರಡೂ ಕಡೆ ಗೋಡೆಯ ಹೊರಗೇ ಕತ್ತರಿಸಿ ಬಿಡಿಸಿದೆವು. ಮೂಲೆಗೆ ಬಿದ್ದಿದ್ದ ರಿಪೀಟರಿಗೂ ಕೇಬಲ್ ಪೋರ್ಟ್ ಇತ್ತು. ಅದನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಿ ಕೊಟ್ಟಿಗೆಯ ಕ್ಯಾಮೆರಾಕ್ಕೆ ಕೊಟ್ಟೆವು. ಕ್ಯಾಮೆರಾ 2.4ರದ್ದೇ, ಅದಕ್ಕೆ ಅಷ್ಟು ಸಾಕು. ಹಸು ಈ ಎಲ್ಲದರ ನಡುವೆ ಮೇ ಕೊನೆಗೆ ಕರು ಹಾಕಿತು. ಯಜಮಾನರು ಫೋನಿನಲ್ಲಿ ನೋಡಿಯೇ ಎದ್ದು ಹೋದರು.

ಇನ್ನೂ ಉಳಿದದ್ದು

ಮಳೆಗಾಲ ಉಳಿದಿದೆ. ಜೂನ್, ಜುಲೈನಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಮನೆಯ ಮೋಡೆಮ್ ಸಣ್ಣ ಯುಪಿಎಸ್‌ನಲ್ಲಿ, ಇನ್ವರ್ಟರ್‌ನಲ್ಲಿ ಓಡುತ್ತಿರುತ್ತದೆ. ಆದರೆ ಫೈಬರ್ ಬರುವ ಕಡೆಯ ಡಬ್ಬಿಯ ಬ್ಯಾಟರಿ ಮುಗಿದರೆ ಕೆಂಪು ದೀಪ ಹತ್ತುತ್ತದೆ. ಅದಕ್ಕೆ ಮನೆಯೊಳಗೆ ಯಾವ ಮದ್ದೂ ಇಲ್ಲ. ಮಾಡಿನ ಮೇಲೆ ಕಂಬ ನಿಲ್ಲಿಸಿ 4ಜಿ ಆಂಟೆನಾ ಹಾಕೋಣ ಎಂದು ಮಗ ಕೇಳುತ್ತಿದ್ದಾನೆ. ಕಂಬ, ತಾಮ್ರದ ತಂತಿ, ಅದೇ ಸಿಡಿಲು. ನಾನಿನ್ನೂ ಒಪ್ಪಿಲ್ಲ. ಸದ್ಯಕ್ಕೆ ಮೆತ್ತಿನ ಪಶ್ಚಿಮದ ಕಿಟಕಿಯಲ್ಲಿ ಒಂದು 4ಜಿ ಹಾಟ್‌ಸ್ಪಾಟ್ ಇಟ್ಟು ನೋಡುತ್ತಿದ್ದೇವೆ. ಮೂರು ಎಂಬಿಪಿಎಸ್ ಸಿಗುತ್ತಿದೆ. ವಿಡಿಯೋ ಬಂದ್ ಮಾಡಿದರೆ ಮಾತಿಗೆ ಸಾಕು.